ಪಿಜನ್ ಬಸ್ಸಿನ ಕಂಡಕ್ಟರು

ಜಗಳ ಶುರುವಾಗಿದ್ದು ಮೊಸರಿನಿಂದ ಅಂತ ಆಮೇಲೆ ಎಲ್ಲರೂ ಹೇಳಿಕೊಂಡು ತಿರುಗಿದರು. ಅದು ಸುಳ್ಳು. ಮೊಸರು ಚೆಲ್ಲಿದ್ದು ಜಗಳದ ನಡುವೆ. ಶುರುವಾಗಿದ್ದು ಕಟ್ಟೆಮಳಲವಾಡಿಯ ಪುಟ್ಟಮಲ್ಲಮ್ಮ ಶನಿವಾರ ಬೆಳಿಗ್ಗೆ ಬಸ್ಸಿನ ಕಿಟಕಿಯಾಚೆ ನೋಡುತ್ತ, ಯಾರಿಗೂ ಅಂತಲ್ಲದೆ ಆಡಿದ ಒಂದು ಮಾತಿನಿಂದ.

"ಏನೇ ಅನ್ನಿ, ಈ ಪಿಜನ್‌ನೋರಲ್ಲಿ ಆ ಹಾಡೋ ಹೈದ ಒಬ್ಬ ಇಲ್ದಿದ್ರೆ ಮಿಕ್ಕೋರ್ನ ಯಾರೂ ಮೂಸಿ ನೋಡಾಕಿಲ್ಲ ಕಣ."

ಪಿಜನ್‌ನೋರು ಎಂದರೆ ಡ್ಯಾಂಪ್ ಪಿಜನ್ಸ್. ಇಂಗ್ಲೆಂಡಿನಲ್ಲಿ ಸದಾ ಮಳೆ ಹಿಡಿದಿರುವ ಯಾವುದೋ ಊರಿನ ನಾಲ್ಕು ಹುಡುಗರ ಬ್ಯಾಂಡು. ಒಬ್ಬ ಹಾಡುತ್ತಾನೆ, ಒಬ್ಬ ಗಿಟಾರು ಬಾರಿಸುತ್ತಾನೆ, ಉಳಿದಿಬ್ಬರು ಏನು ಮಾಡುತ್ತಾರೋ ಬಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲ. ಅಂಥವರು ಹುಣಸೂರು-ಕೋಟೆ ಬಸ್ಸು ಹತ್ತಿದ್ದು ಹೇಗೆ ಅಂತ ಕೇಳುತ್ತೀರಾ? ಮೂರು ವರ್ಷದ ಹಿಂದೆ ಈ ಬಸ್ಸಿನಲ್ಲಿ ಕನ್ನಡ ಸಿನಿಮಾ ಹಾಡೇ ಬರುತ್ತಿತ್ತು. ಒಬ್ಬ ನಟನ ಹಾಡು ಹಾಕಿದರೆ ಇನ್ನೊಬ್ಬನ ಅಭಿಮಾನಿಗಳು ಎದ್ದು ನಿಲ್ಲುತ್ತಿದ್ದರು. ಒಂದು ಶಿವರಾತ್ರಿಯ ಮಾರನೆಯ ದಿನ ಹಿಂದಿನ ಎರಡು ಗಾಜು ಹೋದವು. ಮಾಲೀಕ ವೀರಭದ್ರಸ್ವಾಮಿಯವರು ರೋಸಿಹೋಗಿ, ಜಾತಿ ಇಲ್ಲದ, ಪಕ್ಷ ಇಲ್ಲದ, ಅಭಿಮಾನಿ ಸಂಘ ಇಲ್ಲದ ಹಾಡು ಬೇಕು ಅಂತ ಮೈಸೂರಿನಲ್ಲಿ ಓದುವ ತಮ್ಮನ ಮಗಳಿಂದ ಒಂದು ಪೆನ್‌ಡ್ರೈವ್ ಇಸಿದುಕೊಂಡು ಬಂದು ಸೆಟ್ಟಿಗೆ ಚುಚ್ಚಿದರು. ಅರ್ಥವಾಗದ ಹಾಡಿಗೆ ಯಾರು ಹೊಡೆದಾಡುತ್ತಾರೆ ಎಂಬುದು ಅವರ ಧೈರ್ಯ.

ನಮ್ಮ ಜನ ಅವರಿಗೆ ಇನ್ನೂ ಗೊತ್ತಿಲ್ಲ ಅಂತ ಕಾಣುತ್ತದೆ. ಆರು ತಿಂಗಳು ಸುಮ್ಮನೆ ಕೇಳಿದರು. ಆಮೇಲೆ ಗುನುಗಿದರು. ಆಮೇಲೆ ಹಾಡುಗಳಿಗೆ ತಮಗೆ ತಿಳಿದ ಹೆಸರಿಟ್ಟರು. ಕೆರೆ ಏರಿ ಮೇಲೆ ಬರುವುದು ಏರಿ ಹಾಡು, ಹಾಲಿನ ಡೈರಿ ದಾಟುವಾಗ ಬರುವುದು ಡೈರಿ ಹಾಡು. ವರ್ಷ ತುಂಬುವಷ್ಟರಲ್ಲಿ ಎರಡು ಪಾರ್ಟಿಯಾಗಿತ್ತು. ಎಡಗಡೆ ಹೆಂಗಸರ ಸಾಲೆಲ್ಲ ಹಾಡುವ ಹುಡುಗನ ಕಡೆ, ಬಲಗಡೆ ಗಂಡಸರ ಸಾಲೆಲ್ಲ ಗಿಟಾರಿನವನ ಕಡೆ. ಕೋಟೆಯ ಕಾಲೇಜಿನಲ್ಲಿ ಗುಮಾಸ್ತೆಯಾಗಿರುವ ಕಾವ್ಯಶ್ರೀ ಮೊಬೈಲಿನಲ್ಲಿ ಹುಡುಕಿ, ಆ ಬ್ಯಾಂಡು ಒಡೆದು ಹತ್ತು ವರ್ಷವಾಯಿತು, ಹಾಡುವವನೂ ಗಿಟಾರಿನವನೂ ಈಗ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅಂತ ಓದಿ ಹೇಳಿದ ಮೇಲಂತೂ ಎರಡೂ ಕಡೆಯವರಿಗೆ ಕಿಚ್ಚು ಹತ್ತಿಕೊಂಡಿತು.

ಈ ಎರಡು ಪಾರ್ಟಿಯ ನಡುವೆ ಟಿಕೆಟ್ ಹರಿಯುತ್ತ ನಿಂತವನು ಕಂಡಕ್ಟರ್ ದೇವರಾಜು. ಅವನಿಗೆ ಯಾವ ಪಾರ್ಟಿಯೂ ಇಲ್ಲ. ಈ ಕೆಲಸಕ್ಕೆ ಬರುವ ಮುಂಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಿದ್ದ. ಹೊಗೆ ಕುಡಿದು ಕುಡಿದು ಎದೆ ಹಿಡಿದುಕೊಂಡು, ಸಾಕಪ್ಪ ಸಾಕು ಅನ್ನುವ ಹೊತ್ತಿಗೆ ಬಸ್ಸಿನ ಸಾವ್ಕಾರ್ರು ವೀರಭದ್ರಸ್ವಾಮಿಯವರು ಕರೆದು ಕಂಡಕ್ಟರ ಚೀಲ ಕೊಟ್ಟಿದ್ದರು. ಈ ಚೀಲ ಕೈಬಿಟ್ಟರೆ ಮತ್ತೆ ಬ್ಯಾರನ್ನೇ ಗತಿ ಎಂಬುದು ಅವನಿಗೂ ಗೊತ್ತು, ಅವನ ಹೆಂಡತಿ ಭಾಗ್ಯಳಿಗಂತೂ ಇನ್ನೂ ಚೆನ್ನಾಗಿ ಗೊತ್ತು.

ಪುಟ್ಟಮಲ್ಲಮ್ಮನ ಮಾತು ಬಲಗಡೆ ಸಾಲಿನ ಸಿದ್ದಮಲ್ಲಪ್ಪನವರ ಕಿವಿಗೆ ಬಿತ್ತು. ಅವರು ರಿಟೈರ್ಡ್ ಡ್ರಿಲ್ ಮಾಸ್ಟರು, ಕೋಟೆಯಲ್ಲಿ ಮಗನ ಗೊಬ್ಬರದಂಗಡಿಗೆ ದಿನಾ ಹೋಗಿ ಕೂರುವವರು. ಬಿಳಿ ಪಂಚೆ, ಬಿಳಿ ಜುಬ್ಬ, ಇಸ್ತ್ರಿ ಮುರಿಯದ ಮನುಷ್ಯ.

"ಪುಟ್ಟಮಲ್ಲಕ್ಕ, ಆ ಗಿಟಾರ್ ಕೇಳ್ಸ್‌ಕಂಡೂ ಇಂಗಂತೀಯಲ್ಲ. ನಿನ್ನ ಹೈದ ಎಲ್ಲೋ ದೂರ್ದಲ್ಲಿ ಹಲ್ಲುನೋವು ಬಂದೋನಂಗೆ ನರಳ್ತಾ ಅವ್ನೆ ಅಷ್ಟೆಯಾ."

"ಗಿಟಾರಂತೆ ಗಿಟಾರು. ಎಲ್ಲೈತೆ ಮೇಷ್ಟ್ರೇ? ಸೊಳ್ಳೆ ಗುಂಯ್ ಅಂದಂಗೆ ಒಂದು ಸದ್ದು ಬತ್ತದೆ, ಅದ್ಕೆ ನೀವು ಗಂಡಸ್ರೆಲ್ಲ ತಲೆ ಆಡುಸ್ತೀರಿ."

ಹೀಗಂದು ಪುಟ್ಟಮಲ್ಲಮ್ಮ ಕೋಟೆಯ ಹೋಟೆಲಿಗೆ ವರ್ತನೆ ಹಾಕುವ ಮೊಸರಿನ ಕ್ಯಾನನ್ನು ಎತ್ತಿ ಸೀಟಿನ ಮೇಲೆ ಕುಕ್ಕಿದಳು. ಮುಚ್ಚಳ ಹಾರಿತು. ಅದೇ ಗಳಿಗೆಗೆ ಮೇಕೆ ಹಿಂಡೊಂದು ರಸ್ತೆಗೆ ನುಗ್ಗಿ, ಡ್ರೈವರ್ ಶಿವನಂಜಪ್ಪ ಬ್ರೇಕ್ ಒತ್ತಿ ಬಸ್ಸನ್ನು ಎಡಕ್ಕೆ ತಿರುಗಿಸಿದ. ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಸೇರು ಗಟ್ಟಿ ಮೊಸರು ನಡುದಾರಿ ದಾಟಿ ಮೇಷ್ಟ್ರ ಮಡಿಲು ಸೇರಿತು. ಎಡಗಡೆಯವರು ನಕ್ಕರು, ಬಲಗಡೆಯವರು ಎದ್ದರು, ನಡುವೆ ಸಿಕ್ಕಿದ ದೇವರಾಜುವಿನ ಅಂಗಿಯ ಎರಡು ಗುಂಡಿ ಹೋದವು. ಬಸ್ಸು ಕೋಟೆ ಮುಟ್ಟುವಷ್ಟರಲ್ಲಿ ಸಾವ್ಕಾರ್ರಿಗೆ ಒಂಬತ್ತು ಫೋನು ಹೋಗಿದ್ದವು.

ಹತ್ತನೆಯದು ಅವರೇ ದೇವರಾಜುವಿಗೆ ಮಾಡಿದರು.

"ಗಾಜು ಒಡ್ದಾಗ್ಲೂ ಇಷ್ಟು ಫೋನ್ ಬಂದಿರ್ಲಿಲ್ಲ ಕಣಯ್ಯ. ಅರ್ಧ ಜನ ನೀನು ಗಿಟಾರ್ ಪಾರ್ಟಿ ಅಂತಾರೆ, ಅರ್ಧ ಜನ ಹಾಡೋ ಪಾರ್ಟಿ ಅಂತಾರೆ. ಮಧ್ಯಾಹ್ನದ ಟ್ರಿಪ್ಪು ಹುಣಸೂರಿಗೆ ಬರೋ ಹೊತ್ಗೆ ನಾನು ಸ್ಟ್ಯಾಂಡಲ್ಲಿ ನಿಂತಿರ್ತೀನಿ. ಅಷ್ಟ್ರಲ್ಲಿ ಈ ಜಗಳ ನಿಲ್ಲಬೇಕು. ನಿಲ್ಲಿಲ್ವಾ, ಚೀಲ, ಟಿಕೆಟ್ ಮಿಷಿನ್ನು ಅಲ್ಲೇ ಕೊಟ್ಟು ಮನೆಗೋಗು."

ದೇವರಾಜುವಿಗೆ ಕಾಫಿ ಸೇರಲಿಲ್ಲ. ಶನಿವಾರವಾದ್ದರಿಂದ ಬೆಳಿಗ್ಗೆ ಬಂದವರೆಲ್ಲ ಮಧ್ಯಾಹ್ನದ ಟ್ರಿಪ್ಪಿಗೇ ವಾಪಸು ಬರುವವರು. ಒಂದು ಕಂಪ್ಲೇಂಟೂ ತಪ್ಪುವ ಹಾಗಿಲ್ಲ. ಸೆಟ್ಟನ್ನೇ ಬಂದ್ ಮಾಡು, ಬೀಜವೇ ಇಲ್ಲದ ಮೇಲೆ ಪೈರೆಲ್ಲಿ ಬರುತ್ತದೆ ಅಂತ ಶಿವನಂಜಪ್ಪ ಬುದ್ಧಿ ಹೇಳಿದ. ಹಾಗೇ ಮಾಡಿದರು. ಬಸ್ಸು ತುಂಬಿತು. ಐದು ನಿಮಿಷ ಕಳೆಯಿತು. ಆಮೇಲೆ ಎಡಗಡೆಯಿಂದ ಯಾರೋ ಏರಿ ಹಾಡನ್ನು ಬಾಯಲ್ಲೇ ಎತ್ತಿದರು. ಹೆಂಗಸರೆಲ್ಲ ದನಿಗೂಡಿಸಿದರು, ಇಂಗ್ಲಿಷಿನ ಒಂದೊಂದು ಮಾತೂ ತಪ್ಪದೆ. ಬಲಗಡೆಯವರು ಬಿಟ್ಟಾರೆಯೇ? ಇಪ್ಪತ್ತು ಜನ ಗಂಡಸರು ಒಟ್ಟಿಗೆ ಡ್ರೊಂಯ್ ಡ್ರೊಂಯ್ ಅಂತ ಗಿಟಾರಾದರು. ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದವರು ಗಾಡಿ ಬಿಟ್ಟು ನೋಡಲು ಬಂದರು. ಸೆಟ್ಟೇ ವಾಸಿ ಅನ್ನಿಸಿ ದೇವರಾಜು ಓಡಿಹೋಗಿ ಮತ್ತೆ ಹಾಕಿದ.

ಹೊರಡುವ ಹೊತ್ತಿಗೆ ಇನ್ನೊಂದು ತಕರಾರು. ಮೇಷ್ಟ್ರು ಮಗನ ಅಂಗಡಿಯ ಹುಡುಗರ ಲುಂಗಿ ಉಟ್ಟು, ಮೊಸರಿನ ಪಂಚೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದರು. ಅವರನ್ನು ಪುಟ್ಟಮಲ್ಲಮ್ಮನಿಂದ ದೂರವಿಡಬೇಕು ಅಂತ ದೇವರಾಜು ಆಕೆಯನ್ನು ಕಾಲು ಹಿಡಿಯುವುದೊಂದು ಬಾಕಿ ಅನ್ನುವ ಹಾಗೆ ಬೇಡಿ, ಹಿಂದೆ ಬಲಗಡೆ ಕೊನೆಯ ಸೀಟಿಗೆ ಕಳಿಸಿದ. ಆ ಹೆಂಗಸು ಕೂತ ಸಾಲಿನಲ್ಲಿ ತಾನು ಕೂರುವುದಿಲ್ಲ ಅಂತ ಮೇಷ್ಟ್ರು ಹಟ ಹಿಡಿದರು. ಸರಿ, ಅವರನ್ನು ಎಡಗಡೆ ಮೊದಲನೆಯ ಸೀಟಿಗೆ ಕೂರಿಸಿದ್ದಾಯಿತು.

ಬಸ್ಸು ಹ್ಯಾಂಡ್‌ಪೋಸ್ಟ್ ಮುಟ್ಟುವ ಮುಂಚೆಯೇ ಹಿಂದಿನಿಂದ ಕೂಗು ಬಂತು.

"ದೇವರಾಜು, ನನ್ನ ಹೈದನ್ನ ಎಲ್ಲಿ ಅಡಗ್ಸಿದ್ದೀಯೋ? ಬರೀ ಗಿಟಾರೇ ಬತ್ತಾ ಐತೆ. ಎಷ್ಟು ತಿಂದೆ ಗಿಟಾರ್ ಪಾರ್ಟಿಯೋರ ತಾವ?"

ಮುಂದಿನಿಂದ ಮೇಷ್ಟ್ರು ಎದ್ದರು. ಗಿಟಾರನ್ನು ಪೂರ್ತಿ ಕತ್ತರಿಸಿ ಬರೀ ನರಳಾಟ ಹಾಕಿದ್ದಾನೆ, ಇದು ದ್ರೋಹ, ಈಗಲೇ ಸಾವ್ಕಾರ್ರಿಗೆ ಫೋನ್ ಮಾಡುತ್ತೇನೆ ಅಂದರು. ದೇವರಾಜು ಹಿಂದಕ್ಕೆ ಓಡಿ ಕಿವಿಯಿಟ್ಟ. ನಿಜ, ಗಿಟಾರು. ಮುಂದಕ್ಕೆ ಓಡಿ ಕಿವಿಯಿಟ್ಟ. ನಿಜ, ಹಾಡು. ಮೂರು ವರ್ಷ ನಡುದಾರಿಯಲ್ಲೇ ಓಡಾಡಿದವನಿಗೆ ಎರಡೂ ಬೆರೆತು ಕೇಳುತ್ತಿತ್ತೇ ಹೊರತು ಇದು ಹೊಳೆದಿರಲಿಲ್ಲ. ಈಗ ಹೊಳೆಯಿತು. ಮೇಷ್ಟ್ರ ಕಾಲಿಗೆ ಬಿದ್ದು, ಹತ್ತು ನಿಮಿಷ ಫೋನ್ ಮುಟ್ಟಬೇಡಿ ಅಂತ ಬೇಡಿಕೊಂಡು, ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ನಿಲ್ಲಿಸಿದ.

ಅಲ್ಲಿ ಸರ್ಕಲ್ಲಿನಲ್ಲಿ ಚಿಕ್ಕಮಾದನ ರಿಪೇರಿ ಅಂಗಡಿ ಇದೆ. ಎನ್. ಬೇಗೂರಿನ ಕಡೆಯ ಕಾಡಂಚಿನ ಹಾಡಿಯವನು, ಐ.ಟಿ.ಐ. ಮಾಡಿದವನು. ಟ್ರ್ಯಾಕ್ಟರಿನ ಸೆಟ್ಟಿನಿಂದ ಹಿಡಿದು ಮದುವೆಯ ಮೈಕಿನವರೆಗೆ ಅವನು ಮುಟ್ಟಿದ್ದು ಮಾತಾಡದೆ ಇರುವುದಿಲ್ಲ. ಸ್ಕ್ರೂಡ್ರೈವರ್ ಹಿಡಿದು ಒಳಗೆ ಬಂದು, ಎರಡೂ ಕಡೆಯ ಎರಡೆರಡು ಸ್ಪೀಕರಿಗೆ ಒಂದೊಂದು ಸಲ ಕಿವಿಯೊಡ್ಡಿ ನಕ್ಕುಬಿಟ್ಟ.

"ಅಣ್ಣ, ಇವ್ರು ಹಾಡ್ನ ಒಂದ್ ಕಡೀಕೆ, ಗಿಟಾರ್ನ ಒಂದ್ ಕಡೀಕೆ ಇಟ್ಟು ರೆಕಾರ್ಡ್ ಮಾಡವ್ರೆ. ಮನೇಲಿ ಮುಂದೆ ಕುಂತು ಕೇಳುದ್ರೆ ಎರಡೂ ಸೇರ್ತವೆ. ನಿಮ್ಮ ಬಸ್ಸಲ್ಲಿ ಎಡಗಡೆ ಸ್ಪೀಕರು ಹೆಂಗಸ್ರ ಕಿವೀಗೆ, ಬಲಗಡೇದು ಗಂಡಸ್ರ ಕಿವೀಗೆ. ಮೂರು ವರ್ಷ ನೀವು ಅರ್ಧರ್ಧ ಬ್ಯಾಂಡ್ ಕೇಳಿವ್ರಿ."

ಚಿಕ್ಕಮಾದ ಎರಡು ವೈರು ಬಿಚ್ಚಿ, ಒಂದಕ್ಕೊಂದು ಸೇರಿಸಿ, ಟೇಪು ಸುತ್ತಿ ಇಳಿದ. ಶಿವನಂಜಪ್ಪ ಗೇರು ಹಾಕಿದ. ಏರಿ ಹಾಡು ಮೊದಲಿನಿಂದ ಶುರುವಾಯಿತು.

ಆಹಾ, ಏನು ಹೇಳುವುದು. ಗಿಟಾರು ಒಂದು ಹೆಜ್ಜೆ ಮುಂದೆ ಹೋಗಿ ನಿಂತು ಕರೆಯುತ್ತದೆ, ಆ ಹುಡುಗ ಬರಲೋ ಬೇಡವೋ ಅನ್ನುತ್ತ ಬರುತ್ತಾನೆ. ಅವನು ಸೋತು ದನಿ ತಗ್ಗಿಸಿದಾಗ ಇದು ಹೆಗಲು ಕೊಡುತ್ತದೆ. ಇಬ್ಬರೂ ಕೂಡಿ ಕೊನೆಗೆ ಒಂದೇ ಸಲ ಏರುವಾಗ ಬಸ್ಸಿನಲ್ಲಿ ಅಲ್ಲಲ್ಲಿ ಮೂಗೊರೆಸುವ ಸದ್ದು ಕೇಳಿತು. ಆಗಲೇ ಒಂದು ಸ್ಟಾಪು ಬಂತು, ದೇವರಾಜು ಎಂದಿನಂತೆ ಸೀಟಿ ಊದಿ, ಚಿಲ್ಲರೆ ಕುಲುಕಿ, ರೈಟ್ ರೈಟ್ ಅಂದ. ಪುಟ್ಟಮಲ್ಲಮ್ಮ ಎದ್ದು ಮುಂದೆ ಬಂದಳು. ದೇವರಾಜು ಅಂಗಿಯ ಮಿಕ್ಕ ಗುಂಡಿಗಳನ್ನು ಹಿಡಿದುಕೊಂಡ. ಆಕೆ ಮೇಷ್ಟ್ರ ಪಕ್ಕದ ಸೀಟಿನ ತುದಿಯಲ್ಲಿ ಕೂತು, ಪ್ಲಾಸ್ಟಿಕ್ ಚೀಲದ ಪಂಚೆ ಕೊಡಿ, ನಾನೇ ಒಗೆದು ತರುತ್ತೇನೆ ಅಂದಳು. ಮೇಷ್ಟ್ರು ಕಣ್ಣೊರೆಸಿಕೊಂಡು, ಇರಲಿ ಬುಡು ತಾಯಿ, ನಿನ್ನ ಹೈದ ಚಿನ್ನ ಕಣ ಅಂದರು.

ದೇವರಾಜು ಮೂರು ವರ್ಷದಲ್ಲಿ ಮೊದಲ ಸಲ ತನ್ನ ಸೀಟಿನಲ್ಲಿ ಬೆನ್ನು ಒರಗಿಸಿ ಕೂತ. ಎದೆಯ ಮೇಲಿದ್ದ ಬೀಸುವ ಕಲ್ಲು ಇಳಿದಂತಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಡೈರಿ ಹಾಡು ಬರುವ ಹೊತ್ತಿಗೆ ಕಾವ್ಯಶ್ರೀ ತೊಡೆಯ ಮೇಲೆ ಬಿಳಿ ಹಾಳೆ ಇಟ್ಟುಕೊಂಡು ಏನೋ ಬರೆಯುತ್ತಿದ್ದಳು. ಬರೆದದ್ದು ಮೇಷ್ಟ್ರ ಕೈಗೆ ಹೋಯಿತು. ಅವರು ಓದಿ ತಲೆದೂಗಿ ಸಹಿ ಹಾಕಿ ಪುಟ್ಟಮಲ್ಲಮ್ಮನಿಗೆ ಕೊಟ್ಟರು. ಅಲ್ಲಿಂದ ಅದು ಸೀಟಿನಿಂದ ಸೀಟಿಗೆ ಹೊರಟಿತು. ಏನದು ಅಂತ ದೇವರಾಜು ಕೇಳಿದ. ಸಾವ್ಕಾರ್ರಿಗೆ ಒಂದು ಪತ್ರ ಅಣ್ಣ, ಅಂದಳು ಕಾವ್ಯಶ್ರೀ, ಮುಖ ಎತ್ತದೆ.

ಅವನಿಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ನಾನೇನು ಮಹಾ ಮಾಡಿದೆ, ನನ್ನ ಕೆಲಸ ಮಾಡಿದೆ ಅಂತ ಮನಸ್ಸಿನಲ್ಲೇ ಉತ್ತರ ತಯಾರು ಮಾಡಿಕೊಂಡ. ನಡುವೆ ಪೆನ್ನಿನ ಇಂಕು ಮುಗಿದು ಕಾಗದ ನಿಂತಾಗ ತನ್ನ ಜೇಬಿನದನ್ನೇ ತೆಗೆದುಕೊಟ್ಟ. ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದ ಇಬ್ಬರನ್ನು ಎಬ್ಬಿಸಿ, ನಿಮ್ಮದೂ ಒಂದು ಆಕ್ಬುಡಿ ಅಂದ. ಸಹಿ ಬಾರದ ಅಜ್ಜಿಯೊಬ್ಬಳ ಹೆಬ್ಬೆಟ್ಟಿಗೆ ಆ ಪೆನ್ನಿನ ಇಂಕನ್ನೇ ಸವರಿ ಒತ್ತಿಸಿದ. ಒಟ್ಟು ನಲವತ್ತಮೂರು ಸಹಿ, ಒಂದು ಹೆಬ್ಬೆಟ್ಟು.

ಹುಣಸೂರಿನ ಸ್ಟ್ಯಾಂಡಿನಲ್ಲಿ ವೀರಭದ್ರಸ್ವಾಮಿಯವರು ಛತ್ರಿ ಹಿಡಿದು ನಿಂತಿದ್ದರು. ಪ್ರಯಾಣಿಕರೆಲ್ಲ ಕೈಕೈ ಹಿಡಿದುಕೊಂಡವರ ಹಾಗೆ ಇಳಿದಿದ್ದು ಕಂಡು ಅವರಿಗೆ ನಂಬಿಕೆಯೇ ಬರಲಿಲ್ಲ. ಮೇಷ್ಟ್ರು ಮುಂದೆ ಬಂದು ಪತ್ರ ಕೊಟ್ಟರು. ಸಾವ್ಕಾರ್ರು ಕನ್ನಡಕ ಹಾಕಿ ಗಟ್ಟಿಯಾಗಿ ಓದಿದರು.

"ಮಾನ್ಯರೇ, ಇಂದಿನಿಂದ ತಮ್ಮ ಬಸ್ಸಿನಲ್ಲಿ ಡ್ಯಾಂಪ್ ಪಿಜನ್ಸ್ ತಂಡದ ಸಂಗೀತವು ಅತ್ಯುತ್ತಮವಾಗಿ ಕೇಳಿಬರುತ್ತಿದ್ದು, ನಮ್ಮೆಲ್ಲರ ಭಿನ್ನಾಭಿಪ್ರಾಯಗಳು ತೊಲಗಿರುತ್ತವೆ. ಇದಕ್ಕಾಗಿ ತಮಗೆ ಕೃತಜ್ಞರಾಗಿದ್ದೇವೆ."

ದೇವರಾಜು ತಲೆ ತಗ್ಗಿಸಿ ನಿಂತ. ಸಾವ್ಕಾರ್ರು ಹಾಳೆ ತಿರುವಿದರು.

"ಆದರೆ ಸದರಿ ಸಂಗೀತವು ಇಷ್ಟು ಸ್ಪಷ್ಟವಾಗಿ ಕೇಳುವಾಗ, ಅತ್ಯಂತ ಮನಮಿಡಿಯುವ ಜಾಗದಲ್ಲೇ ಕಂಡಕ್ಟರರು ಸೀಟಿ ಊದುವುದು, ರೈಟ್ ರೈಟ್ ಎಂದು ಕಿರುಚುವುದು, ಚಿಲ್ಲರೆ ಕುಲುಕುವುದು ಸಹಿಸಲಸಾಧ್ಯವಾಗಿರುತ್ತದೆ. ಆದ್ದರಿಂದ ಸದರಿಯವರನ್ನು ಈ ಬಸ್ಸಿನಿಂದ ಕೂಡಲೇ ಬಿಡುಗಡೆ ಮಾಡಬೇಕೆಂದು ನಾವೆಲ್ಲರೂ ಒಮ್ಮತದಿಂದ ಕೋರುತ್ತೇವೆ."

ದೇವರಾಜು ಪುಟ್ಟಮಲ್ಲಮ್ಮನ ಮುಖ ನೋಡಿದ. ಆಕೆ ಬೇಜಾರು ಮಾಡ್ಕೋಬ್ಯಾಡ ಕಣಪ್ಪ, ನೀನು ಒಳ್ಳೆಯೋನೇ, ಏರಿ ಹಾಡಲ್ಲಿ ಊದ್ಬಾರ್ದಾಗಿತ್ತು ಅಷ್ಟೆಯಾ ಅಂದಳು. ಮೇಷ್ಟ್ರು ಹೌದು ಹೌದು ಅಂದರು. ಮೂರು ವರ್ಷದಲ್ಲಿ ಅವರಿಬ್ಬರು ಒಪ್ಪಿದ ಎರಡನೆಯ ಮಾತು ಅದು. ದೇವರಾಜುವಿನ ಮೂಗಿಗೆ ಅಲ್ಲಿ ನಿಂತಲ್ಲೇ ಬ್ಯಾರನ್ನಿನ ಹೊಗೆ ಅಡರಿತು.

ಸಾವ್ಕಾರ್ರು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. ಒಂಬತ್ತು ಜನ ಒಂಬತ್ತು ಥರ ದೂರಿದ್ದರೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಇರಬಹುದಿತ್ತು, ನಲವತ್ತನಾಲ್ಕು ಜನ ಒಂದೇ ಮಾತು ಹೇಳಿದ ಮೇಲೆ ತಮ್ಮ ಕೈಯಲ್ಲೇನೂ ಇಲ್ಲ ಅಂದರು. ಆಮೇಲೆ ಅವನ ಮುಖ ನೋಡಿ ಅವರಿಗೇ ಅಯ್ಯೋ ಅನ್ನಿಸಿರಬೇಕು.

"ಕೆಲ್ಸ ತೆಗಿಯಾಕಿಲ್ಲ ಬುಡು. ಸೋಮವಾರದಿಂದ ಎನ್. ಬೇಗೂರ್ ಬಸ್ಸಿಗೋಗು."

ದೇವರಾಜು ಕೇಳಿದ್ದು ಒಂದೇ ಪ್ರಶ್ನೆ. ಆ ಬಸ್ಸಿನಲ್ಲಿ ಸೆಟ್ಟಿದೆಯಾ? ಇಲ್ಲ ಅಂದರು ಸಾವ್ಕಾರ್ರು, ಆರು ವರ್ಷದಿಂದ ಇಲ್ಲ. ದೇವರಾಜುವಿಗೆ ಅಳುವೇ ಬಂತು, ಅಷ್ಟು ನಿರಾಳ. ಚೀಲ ಉಳಿಯಿತು, ಹೊಗೆ ತಪ್ಪಿತು, ಗಿಟಾರೂ ತಪ್ಪಿತು. ಕಾಡಿನ ಮಗ್ಗುಲ ರಸ್ತೆ, ಬರೀ ಇಂಜಿನ್ನಿನ ಸದ್ದು, ತಾನು ಊದಿದ್ದೇ ಸೀಟಿ. ಅವನು ಸಾವ್ಕಾರ್ರಿಗೆ ಕೈಮುಗಿದು, ಕ್ಯಾಂಟೀನಿನಲ್ಲಿ ಎರಡು ಟೀ ಹೇಳಿ, ಒಂದನ್ನು ಅವರಿಗೇ ತಂದುಕೊಟ್ಟ. ಸಾವ್ಕಾರ್ರು ಟೀ ಹೀರುತ್ತ ಪತ್ರದ ಮೊದಲ ಪುಟವನ್ನು ಮತ್ತೊಮ್ಮೆ ಓದಿ, ಮಡಿಸಿ ಜೇಬಿಗಿಟ್ಟರು.

"ಇಷ್ಟು ಜನ ಒಂದಾಗಿದ್ದು ನಾನು ಹುಟ್ಟಿದಾಗ್ನಿಂದ ನೋಡಿಲ್ಲ ಕಣಯ್ಯ. ಅದ್ಕೇ ಬೇಗೂರ್ ಬಸ್ಸಿಗೂ ಇದೇ ಹಾಡು ಹಾಕ್ಸೋಣಾಂತ ನೀನು ಟೀ ತರೋ ಹೊತ್ಗೆ ಮೇಷ್ಟ್ರನ್ನ ಕೇಳಿ ಚಿಕ್ಕಮಾದಂಗೆ ಫೋನ್ ಮಾಡ್ದೆ. ನಾಳೆ ಬಂದು ಕೂರುಸ್ತಾನೆ. ವೈರಿಂಗ್ ವಿಷ್ಯ ಬಲ್ಲೋನು ನೀನೊಬ್ನೇ, ನೀನೇ ಇದ್ದು ನೋಡ್ಕೊ."

ದೇವರಾಜುವಿನ ಕೈಯಲ್ಲಿದ್ದ ಟೀ ಅರ್ಧಕ್ಕೇ ನಿಂತಿತು.

"ಎಷ್ಟು ಸ್ಪೀಕರ್ರು ಸಾವ್ಕಾರ್ರೇ?"

"ಇದ್ರಲ್ಲಿರೋದು ನಾಕು. ಅದು ದೊಡ್ಡ ಬಸ್ಸಲ್ವಾ, ಎಂಟು ಹೇಳಿವ್ನಿ."