ಸೋದರಮಾವನ ಎರಡು ಪಾನಾ

ನಮ್ಮ ಸೋದರಮಾವನ ಪ್ರೀತಿ ಮೊದಲು ತುಕ್ಕು ಹಿಡಿದ ಕೊಳವೆಗಳಿಗೆ, ಆಮೇಲೆ ಅವನ್ನು ಬಿಚ್ಚುವ ಪಾನಾಗಳಿಗೆ, ಏನಾದರೂ ಮಿಕ್ಕರೆ ಅತ್ತೆಗೆ! ಹೀಗೆಂದು ನಾನು ಬಹಳ ದಿನ ನಂಬಿದ್ದೆ.

ಜತ್ತ ಸಂಸ್ಥಾನ ಹೋಗಿ ತಾಲೂಕು ಆದ ಹೊಸತು. ಬಾವಿಗಳಿಗೆ ಎಂಜಿನ್ ಬರತೊಡಗಿದ್ದವು. ಎಲ್ಲಿ ಕೊಳವೆಯ ಜೋಡಣೆ ಜಾಮ್ ಆದರೂ ಬಿಳೂರಿನ ನಮ್ಮ ಮಾವನಿಗೇ ಕರೆ. ಅತ್ತೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ ಅಡಿಗೆ ಮಾಡಲೆಂದು ನಾನು ಅವರ ಮನೆಗೆ ಹೋದೆ. ಎಲುಬು ಕೂಡಿತು, ಕಟ್ಟನ್ನೂ ಬಿಚ್ಚಿದರು, ಮಣಿಕಟ್ಟು ಮಾತ್ರ ತಿರುಗಲೊಲ್ಲದು. ಮತ್ತೆ ರೊಟ್ಟಿ ಬಡಿಯಲು ಬರುತ್ತದೋ ಇಲ್ಲವೋ ಎಂಬುದೊಂದೇ ಅತ್ತೆಯ ಚಿಂತೆ. ನನ್ನ ರೊಟ್ಟಿ ತಿನ್ನುತ್ತಿದ್ದವರಿಗೆ ಆ ಚಿಂತೆ ಇನ್ನೂ ಹೆಚ್ಚಾಗಿತ್ತು.

ಮಾವನ ಹತ್ತಿರ ಏಳು ಪಾನಾ, ಐದು ಬಾಟಲಿ ಎಣ್ಣೆ. ಚಿಮಣಿ ಎಣ್ಣೆ ತುಕ್ಕಿನೊಳಗೆ ಇಳಿಯುತ್ತದೆ, ಆದರೆ ಬೇಗ ಆರುತ್ತದೆ. ಔಡಲೆಣ್ಣೆ ಆರುವುದಿಲ್ಲ, ಆದರೆ ಒಳಗೆ ಇಳಿಯುವುದಿಲ್ಲ. ಎರಡನ್ನೂ ಎಷ್ಟೆಷ್ಟು ಕೂಡಿಸಬೇಕೆಂದು ಅವನು ಹೇಳಲು ಕೂತರೆ ನೆಂಟರು ಅರ್ಧ ಊಟಕ್ಕೇ ಏಳುತ್ತಿದ್ದರು. ಒಂದು ದಿನ ನಾನು ಕುಸುಬಿ ಎಣ್ಣೆಯೆಂದು ತಿಳಿದು ಅವನ ಬಾಟಲಿಯದನ್ನು ಶೇಂಗಾ ಚಟ್ನಿಗೆ ಸುರಿದೆ. ಮಾವ ಮೂಸಿ ನೋಡಿ, "ಹಾಳ ಮಾಡಿದಿ ನೋಡವ್ವಾ," ಎಂದ. ಅವನು ಮರುಗಿದ್ದು ಎಣ್ಣೆಗೆ!

ಪಕ್ಕದ ಹೊಲದ ಕಾಕಾ ಅವರ ಬಾವಿಯಲ್ಲೂ ಒಮ್ಮೆ ಕೊಳವೆಯ ಜೋಡಣೆ ಜಾಮ್ ಆಯಿತು. ಮಾವ ಜೋಡಣೆಗೆ ನಾಲ್ಕು ಹನಿ ಬಿಟ್ಟು ಬೇವಿನ ನೆರಳಿಗೆ ಕೂತ.

"ಮುಂದೇನ್ರಿ?" ಕಾಕಾ ಕೇಳಿದರು.

"ಮುಂದ ಚಾ."

ಚಹಾ ಆಯಿತು. "ಈಗ್ರಿ?"

"ಈಗ ಮನಿಗೆ ಹೋಗಿ ನಾಳಿ ಬರ್ತೀನ್ರಿ."

"ನಾಕ ಮಂದಿ ಜಗ್ಗಿದ್ರ ಈಗ ಬಿಡ್ತದಲ್ರಿ."

"ಬಿಡ್ತದ್ರಿ. ಒಳಗಿನ ಸುತ್ತು ಹರದು ಬಿಡ್ತದ. ಆಮ್ಯಾಲ ಎಂದೂ ಕೂಡಂಗಿಲ್ಲ."

ಮರುದಿನ ಎರಡು ಪಾನಾ ತಂದ. "ಒಂದು ಹಿಡ್ಯಾಕ, ಒಂದು ತಿರಗಸಾಕ." ಹಾಕಿದವನೇ ಮೊದಲು ಒಂಚೂರು ಬಿಗಿದ.

"ಬಿಚ್ಚಾಕ ಕರದ್ರ ಬಿಗೀತೀರಲ್ರಿ," ಎಂದು ಕಾಕಾ ನಗುತ್ತಿರುವಾಗಲೇ ಜೋಡಣೆ ಸಡಿಲಾಯಿತು.

ಅದೇ ವಾರ ಎಲುಬು ಕೂಡಿಸುವವರೊಬ್ಬರು ಬಂದು ಅತ್ತೆಯ ಕೈ ಹಿಡಿದು ಜಗ್ಗಿದರು. ಅತ್ತೆ ಸೆರಗು ಕಚ್ಚಿಕೊಂಡಳು. ಎಂದೂ ದನಿ ಏರಿಸದ ಮಾವ ಎದ್ದು ನಿಂತ. "ಬಿಡ್ರಿ. ಹಂಗ ಜಗ್ಗತಾರೇನ್ರಿ?"

ಅವರನ್ನು ಚಹಾ ಕೊಟ್ಟು ಕಳಿಸಿ ತಾನೇ ಎಣ್ಣೆ ಬೆಚ್ಚಗೆ ಮಾಡಿ ತಂದ.

"ಚಿಮಣಿ ಎಣ್ಣಿ ಕೂಡಿಸಿಲ್ಲಲ್ರಿ?" ಅತ್ತೆ ಕೇಳಿದಳು.

"ಬರೇ ಔಡಲೆಣ್ಣಿ. ಮೂಸಿ ನೋಡು."

ಎಣ್ಣೆ ಹಚ್ಚಿ ಸುಮ್ಮನೆ ಕೂತ. ಬಳಿಕ ಒಂದು ಕೈಯಿಂದ ಅವಳ ಮುಂಗೈ ಹಿಡಿದ, ಇನ್ನೊಂದರಿಂದ ಮಣಿಕಟ್ಟನ್ನು ಮೊದಲು ಒಂಚೂರು ಆ ಕಡೆ, ಆಮೇಲೆ ಈ ಕಡೆ ತಿರುಗಿಸಿದ. ಅವಳ ಹುಬ್ಬು ಗಂಟಾದೊಡನೆ ನಿಲ್ಲಿಸಿದ. "ಉಳದದ್ದು ನಾಳಿ."

ಹೀಗೆ ಎಷ್ಟೋ ನಾಳೆಗಳು. ಕೊನೆಗೆ ಒಂದು ದಿನ ಅತ್ತೆ ನನ್ನನ್ನು ಒಲೆಯಿಂದ ಎಬ್ಬಿಸಿ ತಾನೇ ರೊಟ್ಟಿ ಬಡಿದಳು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದಿತ್ತು. ಮಾವ ಪೂರಾ ತಿಂದು, "ಚಲೋ ಆಗ್ಯಾದ," ಎಂದ. ಅವನ ಕಣ್ಣು ತುಂಬಿತ್ತು. ನನಗೂ ಅಳು ಬಂತು.

ನಾನು ಊರಿಗೆ ಹೊರಟ ಬೆಳಿಗ್ಗೆ ಡಫಳಾಪುರದಿಂದ ಮಾವನನ್ನು ಕರೆಯಲು ಗಾಡಿ ಬಂದಿತ್ತು. ಅತ್ತೆಯ ಕೈ ಎಂದೋ ನೆಟ್ಟಗಾಗಿತ್ತು. ಆದರೂ ಅವಳು ಬಂದು ಕೂತು ಕೈ ಚಾಚಿದಳು. ಮಾವ ಎಣ್ಣೆ ಬೆಚ್ಚಗೆ ಮಾಡಲಿಟ್ಟು, ಗಾಡಿಯವನಿಗೆ ಒಳಗಿನಿಂದಲೇ ಹೇಳಿದ, "ಸ್ವಲ್ಪ ಕುಂದ್ರಿ. ಕೆಲಸದಾಗ ಅದೀನಿ."