ದೊರೆಯ ಸಹಿಯ ವಿರುದ್ಧ ನನ್ನ ವಾದ

ಲಾರೆನ್ಸ್ ಅಂಕಲ್ ನನ್ನನ್ನು ಮನೆಯಿಂದ ಓಡಿಸಿದರು ಎಂಬ ಕಥೆ ದುಬೈನ ದೇರಾದ ನಮ್ಮ ರೂಮಿನಲ್ಲಿ ಚಾಲ್ತಿಯಲ್ಲಿದೆ. ಇದನ್ನು ನಾನು ಬಲವಾಗಿ ಖಂಡಿಸುತ್ತೇನೆ. ಯಾರೂ ಓಡಿಸಲಿಲ್ಲ. ನಾನು ವಾದ ಗೆದ್ದು, ನನ್ನ ಕಾಲ ಮೇಲೆಯೇ ಹೊರಬಂದೆ!

ಆರು ಜನರ ಆ ರೂಮಿನಲ್ಲಿ ನನ್ನ ಪಾಲಿಗಿರುವುದು ಎರಡಂತಸ್ತಿನ ಮಂಚದ ಮೇಲಂತಸ್ತು. ಇಂಗ್ಲೆಂಡಿನ ಹಳ್ಳಿಗಾಡಿನ ದೊರೆಗಳ ಬಂಗಲೆಗಳು, ಅವುಗಳೊಳಗಿನ ಕುರ್ಚಿ, ಕನ್ನಡಿ, ಪಿಂಗಾಣಿಗಳ ಕುರಿತ ನೂರು ವರ್ಷ ಹಳೆಯ ಪುಸ್ತಕಗಳನ್ನು ಅಲ್ಲೇ ಕೂಡಿಡುತ್ತೇನೆ.

"ನಿನಗೆ ಕಾಲು ಚಾಚ್ಲಿಕ್ಕೆ ಜಾಗ ಇಲ್ಲ, ಅವರ ಊಟದ ಕೋಣೆ ಎಷ್ಟು ಉದ್ದ ಅಂತ ಎಂತಕ್ಕೆ ಮಾರಾಯ?" ಎಂದು ಕೆಳಮಂಚದ ದಿನೇಶ ಕೇಳುತ್ತಾನೆ. ಚರ್ಚಾಸ್ಪರ್ಧೆಗಳಲ್ಲಿ ಮೂರು ಕಪ್ ಗೆದ್ದ ನಾನು ಆಗ ಪುಟ ತಿರುಗಿಸುತ್ತೇನೆ.

ದುಬೈನದ್ದೇ ಊದ್ ಮೇಥಾ ಬಡಾವಣೆಯ ಒಂದು ಕಾರ್ಯಕ್ರಮದಲ್ಲಿ ಲಾರೆನ್ಸ್ ಅಂಕಲ್ ಸಿಕ್ಕರು. ಮಂಗಳೂರಿನವರು, ಅಬುಧಾಬಿಯಲ್ಲಿ ಹೋಟೆಲ್ ಕೆಲಸ. ಅವರಿಗೂ ಇದೇ ಹುಚ್ಚು! ಶುಕ್ರವಾರ ಊಟಕ್ಕೆ ಕರೆದರು. ರಜೆಯ ದಿನವೆಲ್ಲ ಮಲಗಿ ಛಾವಣಿ ನೋಡುತ್ತಿದ್ದ ನಾನು ಎರಡು ಗಂಟೆ ಬಸ್ಸಿನಲ್ಲಿ ಕುಳಿತು ಹೋದೆ. ಬಂಗುಡೆ ಮೀನಿನ ಗಸಿ, ಕುಚ್ಚಲಕ್ಕಿ ಅನ್ನ. "ಪ್ರತೀ ವಾರ ಬಾ ಮಗಾ, ನಾಚಿಕೆ ಮಾಡ್ಬೇಡ" ಎಂದರು ಆಂಟಿ. ನನ್ನನ್ನು ಮಗಾ ಎಂದು ಯಾರಾದರೂ ಕರೆದು ಎರಡು ವರ್ಷವಾಗಿತ್ತು.

ಮೂರನೇ ಶುಕ್ರವಾರ ಅಂಕಲ್ ದಿಂಬಿನ ಕವರಿನೊಳಗಿಂದ, ಒಬ್ಬ ದೊರೆ ತನ್ನ ಬಂಗಲೆಯ ಬಗ್ಗೆ ಬರೆದ ಹಳೆಯ ಪುಸ್ತಕ ತೆಗೆದರು. ಊರಿಗೆ ವಾಪಸಾಗುತ್ತಿದ್ದ ಹೋಟೆಲಿನ ಬಿಳಿಯ ಮ್ಯಾನೇಜರ್ ಮನೆ ಸಾಮಾನು ಮಾರಿದಾಗ ಕೊಂಡದ್ದಂತೆ. ಮೊದಲ ಪುಟದಲ್ಲಿ ದೊರೆಯ ಚಿತ್ರ, ಕೆಳಗೆ ಸಹಿ.

"ನೋಡು, ದೊರೆಯೇ ಸ್ವಂತ ಕೈಯಲ್ಲಿ ಹಾಕಿದ್ದು! ಇಪ್ಪತ್ತು ವರ್ಷದಿಂದ ಜೋಪಾನ ಮಾಡಿದ್ದೇನೆ."

ಅದೇ ಪುಸ್ತಕ ಆ ದಿನ ನನ್ನ ಚೀಲದಲ್ಲೂ ಇತ್ತು! ಬೇರೆ ಯಾರಾದರೂ ಆಗಿದ್ದರೆ ಅವರನ್ನು ಅಪ್ಪಿಕೊಳ್ಳುತ್ತಿದ್ದರು. ನಾನು ಅದನ್ನು ಸಾಕ್ಷ್ಯವಾಗಿ ಮಂಡಿಸಿದೆ.

"ಅಂಕಲ್, ಇದು ಅಚ್ಚಾದ ಸಹಿ. ನನ್ನದರಲ್ಲೂ ಇದೆ. ಅದೇ ಬಾಲ, ಅದೇ ಚುಕ್ಕೆ."

"ಇಲ್ಲ ಮಾರಾಯ, ಶಾಯಿ ನೋಡು."

"ಶಾಯಿಯೂ ಒಂದೇ! ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!"

ಟೇಬಲ್ ಬಡಿದೆ. ಆಂಟಿ ಇಟ್ಟಿದ್ದ ಮೂರು ತಟ್ಟೆಗಳೂ ಹಾರಿದವು. ಅಂಕಲ್ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು, ಅದಲುಬದಲು ಮಾಡಿ ನೋಡಿದರು.

"ಸರಿ. ನೀನೇ ಗೆದ್ದಿ. ಖಲಾಸ್" ಎಂದು ಎದ್ದು ಒಳಗೆ ಹೋಗಿ ಮಲಗಿದರು. ಊಟ ಮಾಡಲಿಲ್ಲ.

"ನೀವು ಊಟ ಮಾಡಿ" ಎಂದರು ಆಂಟಿ. ಮಗ ಒಂದೇ ಮಧ್ಯಾಹ್ನದಲ್ಲಿ 'ನೀವು' ಆಗಿದ್ದ! ಹಸಿವಿಲ್ಲ ಎಂದು ಸುಳ್ಳು ಹೇಳಿ, ಪುಸ್ತಕ ಚೀಲಕ್ಕೆ ತುರುಕಿ ಹೊರಟೆ.

ಬಸ್ಸಿನಲ್ಲಿ ತೆರೆದರೆ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಅಂಕಲ್ ಹೆಸರು! ಅವರದ್ದು ನನ್ನಲ್ಲಿ, ನನ್ನದು ಅವರಲ್ಲಿ. ಎರಡಕ್ಕೂ ವ್ಯತ್ಯಾಸವಿಲ್ಲವೆಂಬ ನನ್ನ ವಾದವನ್ನು ನಾನೇ ಇಷ್ಟು ಚೆನ್ನಾಗಿ ಸಾಬೀತು ಮಾಡಿದ್ದೆ. ಆ ವಾದದ ಪ್ರಕಾರ ಬದಲಾಯಿಸಿಕೊಳ್ಳುವ ಅಗತ್ಯವೂ ಇಲ್ಲ. ಮತ್ತೆ ಹೋಗಲು ಇದ್ದ ಒಂದೇ ನೆಪವನ್ನೂ ನಾನೇ ಖಂಡಿಸಿಟ್ಟಿದ್ದೆ!

ಆದರೂ ವಾಟ್ಸಾಪಿನಲ್ಲಿ ಮೆಸೇಜ್ ಹಾಕಿದೆ. ಅವರು ಓದಿದ್ದಾರೆಂಬ ನೀಲಿ ಟಿಕ್ ಎರಡೂ ಬಿದ್ದು ಮೂರು ಶುಕ್ರವಾರ ಕಳೆದಿವೆ. ಮೆಸೇಜಿನಲ್ಲಿ ಇದ್ದದ್ದು ಇಷ್ಟೇ:

"ಅಂಕಲ್, ನಿಮ್ಮ ಪುಸ್ತಕ ನನ್ನ ಹತ್ರ ಉಂಟು. ಈ ಶುಕ್ರವಾರ ತರ್ಲಾ?"