ಕಬ್ಬಿನ ಸರದಿಗೆ ಕೊಟ್ಟ ಧ್ವನಿ

ಮಾತು ಕಡಿಮೆಯಿರುವ ಗಂಡಸು ಜಾಣನೆಂದು ಊರು ನಂಬುತ್ತದೆ. ನನ್ನ ಮಟ್ಟಿಗೆ ಈ ನಂಬಿಕೆಯನ್ನು ಕಾಪಾಡಿದವಳು ಹೆಂಡತಿ ಸುಶೀಲಾ. ಇಬ್ಬರ ಮಾತನ್ನೂ ಅವಳೊಬ್ಬಳೇ ಆಡಿ ಮುಗಿಸುತ್ತಿದ್ದಳು. ಕಾಗವಾಡದ ಹತ್ತಿರದ ನಮ್ಮ ಕಬ್ಬು ಅವಳ ಹೆಸರಿನಲ್ಲೇ ಇತ್ತು. ಹಂಗಾಮು ಬಂತೆಂದರೆ ಕಾರ್ಖಾನೆಯ ಫೀಲ್ಡ್‌ಮನ್ ನಮ್ಮ ಓಣಿ ತಪ್ಪಿಸಿ ಬೇರೆ ದಾರಿ ಹಿಡಿಯುತ್ತಿದ್ದ. ಅವಳು ಅಲ್ಲಿ ಮೊದಲೇ ನಿಂತಿರುತ್ತಿದ್ದಳು. “ಯಾಕೋ ತಮ್ಮಾ, ಚಹಾ ಕುಡಿಯೂದು ನಮ್ಮ ಮನ್ಯಾಗ, ಟೋಳಿ ಕಳಸೂದು ಮಂದಿ ಹೊಲಕ್ಕೇನ?” ಎಂದರೆ ಸಾಕು, ಕಬ್ಬು ಕಡಿಯುವ ತಂಡ ಮರುದಿನ ನಮ್ಮ ಹೊಲದಲ್ಲಿರುತ್ತಿತ್ತು.

ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅದೇ ಹಂಗಾಮಿಗೆ ಕಾರ್ಖಾನೆ, ಕಬ್ಬು ಕಡಿಯುವ ಸರದಿ ಹಚ್ಚುವ ಕೆಲಸವನ್ನು ಕೃತಕ ಬುದ್ಧಿಗೆ ಒಪ್ಪಿಸಿತು. ಅದು ಆಕಾಶದಿಂದ ತೆಗೆದ ಚಿತ್ರ ನೋಡಿ ಯಾರ ಕಬ್ಬು ಮಾಗಿದೆಯೆಂದು ಹೇಳುತ್ತದೆ. ಚಹಾ ಕುಡಿಯುವುದಿಲ್ಲ, ಯಾರ ಭಾವಮೈದುನನೂ ಅಲ್ಲ. ನ್ಯಾಯವೇ ಅನ್ನಿ. ಆದರೆ ನಮ್ಮ ಕಬ್ಬು ಹೂಬಿಟ್ಟು ತೂಕ ಇಳಿಯತೊಡಗಿದಾಗಲೂ ಅದು ಫೋನು ಮಾಡಿ ಕೇಳುತ್ತಿದ್ದದ್ದು ಸುಶೀಲಾಳನ್ನೇ. ಹೆಸರು ಬದಲಾಗದೆ ಸರದಿ ಇಲ್ಲ. ಹೆಸರು ಬದಲಾಗಬೇಕಾದರೆ ಗುರುತಿಗೆ ನಾನು ನನ್ನ ಧ್ವನಿ ಕೊಡಬೇಕು.

ಪಕ್ಕದ ಹೊಲದ ದಸ್ತಗೀರ ಬದುವಿನ ಮೇಲೆ ಕೂತು ಕಾರ್ಖಾನೆಗೆ ಫೋನು ಹಚ್ಚಿಕೊಟ್ಟ. “ಸುಶೀಲಾ ತೀರಿಕೊಂಡಿದ್ದಾಳೆ” ಎಂದೆ. ಇಂಪಾದ ಹೆಣ್ಣು ಧ್ವನಿ ಸಂತಾಪ ಸೂಚಿಸಿ, “ದಯವಿಟ್ಟು ಇನ್ನಷ್ಟು ಮಾತನಾಡಿ” ಎಂದಿತು. ನನ್ನ ಹೆಸರು ಹೇಳಿದೆ. “ಇನ್ನಷ್ಟು ಮಾತನಾಡಿ.” ಊರು ಹೇಳಿದೆ. ಅಲ್ಲಿಗೆ ನನ್ನ ಸರಕು ಮುಗಿಯಿತು.

“ಏನ್ ಮಾತಾಡ್ಲೋ?” ಎಂದು ದಸ್ತಗೀರನನ್ನು ಕೇಳಿದೆ.

“ಏನರ ಮಾತಾಡ್ರಿ ಅಣ್ಣಾರ. ಅದೇನ ನಮ್ಮ ಸುಶೀಲಾ ವೈನಿಯಾರಲ್ಲ, ಸಿಟ್ಟಿಗೇಳಂಗಿಲ್ಲ!”

ಬದನೆಕಾಯಿ ಎಣಗಾಯಿಯಿಂದ ಶುರು ಮಾಡಿದೆ. ಸುಶೀಲಾ ಮಾಡಿದ್ದರಲ್ಲಿ ಖಾರ ಹೆಚ್ಚು, ಆದರೆ ಈಗ ಯಾರ ಕೈಯದೂ ರುಚಿಸುವುದಿಲ್ಲ ಎಂದೆ. ಮೀರಜದ ದವಾಖಾನೆಯಲ್ಲಿ ಅವಳು ಮಲಗಿಕೊಂಡೇ, ಪಕ್ಕದ ಹಾಸಿಗೆಯ ಮುದುಕಿಯ ಸೊಸೆಯನ್ನು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡದ್ದು ಹೇಳಿದೆ. ಕೊನೆಯ ದಿನ ನನ್ನನ್ನು ಹತ್ತಿರ ಕರೆದು, ಏನೂ ಅನ್ನದೆ, ನನ್ನ ಅಂಗಿಯ ಗುಂಡಿ ಹಾಕಿದ್ದಳು. ಅವಳು ಸುಮ್ಮನಿದ್ದದ್ದು ನಾನು ಕಂಡಂತೆ ಆಗ ಮಾತ್ರ.

“ಧನ್ಯವಾದಗಳು. ನಿಮ್ಮ ಧ್ವನಿ ದಾಖಲಾಗಿದೆ. ಸೋಮವಾರ ತಂಡ ಬರುತ್ತದೆ.”

ನಾನು ಮುಂದುವರಿಸಿದೆ. ದಸ್ತಗೀರ ಮೊಣಕೈಯಿಂದ ತಿವಿದ. “ಅಣ್ಣಾರ, ಪಾಳಿ ಸಿಕ್ಕೈತಿ. ಫೋನ್ ಸೈತ ಕಟ್ ಆಗೈತಿ.”

“ಆಗ್ಲಿ ಬಿಡು. ನೀ ಕೇಳು.”

ಅವನು ಬಹಳ ಹೊತ್ತು ಹೂಂಗುಟ್ಟಿದ. ಸಂಜೆಗೆ ಅವನಿಗೂ ಸಾಕಾಗಿ, “ಎಮ್ಮಿ ಹಿಂಡಬೇಕ್ರಿ” ಎಂದು ಎದ್ದ. ನಾನೂ ಅವನ ಬೆನ್ನಿಗೇ ಹೊರಟೆ, ಮಾತಾಡುತ್ತ.